ಸಿಸಿಲಿಯಾ ಬೋ: ಒಂದು ವಿಶೇಷಣದ ಭಾರ

ಅಮೆರಿಕದ ಭಾವಚಿತ್ರಕಲೆಯಲ್ಲಿ ಸಿಸಿಲಿಯಾ ಬೋ ಅವರ ಸಾಧನೆ ಗಣನೀಯವಾದುದು. 1855ರಲ್ಲಿ ಫಿಲಡೆಲ್ಫಿಯಾದಲ್ಲಿ ಜನಿಸಿದ ಅವರು, ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡು, ಅಜ್ಜಿ ಹಾಗೂ ತಾಯಿಯ ಸಹೋದರಿಯರ ಆಶ್ರಯದಲ್ಲಿ ಬೆಳೆದರು. ಪಳೆಯುಳಿಕೆಗಳ ಚಿತ್ರ ಬರೆದು, ಪಿಂಗಾಣಿಯ ಮೇಲೆ ಮಕ್ಕಳ ಮುಖ ಚಿತ್ರಿಸಿ ಸಂಪಾದನೆಗೆ ತೊಡಗಿದರು.

ತಮ್ಮ ಅಕ್ಕನನ್ನೂ ಆಕೆಯ ಮಗನನ್ನೂ ಚಿತ್ರಿಸಿದ ‘ಬಾಲ್ಯದ ಕೊನೆಯ ದಿನಗಳು’ ಕೃತಿ 1887ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಮರುವರ್ಷ ಬೋ ಅದೇ ನಗರಕ್ಕೆ ವ್ಯಾಸಂಗಕ್ಕಾಗಿ ತೆರಳಿದರು. ಅಲ್ಲಿನ ಸರ್ಕಾರಿ ಕಲಾಶಾಲೆ ಆಗಿನ್ನೂ ಸ್ತ್ರೀಯರಿಗೆ ಪ್ರವೇಶ ನೀಡುತ್ತಿರಲಿಲ್ಲ. ಆದುದರಿಂದ ಖಾಸಗಿಯಾದ ಜೂಲಿಯಾನ್ ಅಕಾಡೆಮಿಯನ್ನು ಸೇರಿದರು. 1895ರಲ್ಲಿ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಯ ಪ್ರಥಮ ಪೂರ್ಣಾವಧಿ ಮಹಿಳಾ ಅಧ್ಯಾಪಕರಾಗಿ ನೇಮಕಗೊಂಡು, 1915ರವರೆಗೆ ಬೋಧಿಸಿದರು. 1902ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟರ ಪತ್ನಿ ಮತ್ತು ಪುತ್ರಿಯನ್ನೂ, ಮೊದಲ ಮಹಾಯುದ್ಧದ ತರುವಾಯ ಫ್ರಾನ್ಸಿನ ಕ್ಲೆಮಾನ್ಸೋ ಅವರನ್ನೂ ಚಿತ್ರಿಸಿದರು.

1899ರಲ್ಲಿ ಕಾರ್ನೆಗಿ ಸಂಸ್ಥೆಯ ಸುವರ್ಣಪದಕ ದೊರೆತಾಗ, ಚಿತ್ರಕಾರ ವಿಲಿಯಂ ಮೆರಿಟ್ ಚೇಸ್ ಅವರನ್ನು ಚರಿತ್ರೆಯಲ್ಲೇ ಶ್ರೇಷ್ಠ ‘ಮಹಿಳಾ’ ಚಿತ್ರಕಾರರೆಂದು ಕೊಂಡಾಡಿದರು. ಹೊಗಳಿಕೆಯಲ್ಲಿದ್ದ ಆ ಒಂದು ವಿಶೇಷಣವೇ ಅವರನ್ನು ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿತು. ಕಲೆಯ ಅಳತೆಗೋಲು ಸ್ತ್ರೀಪುರುಷರಿಗೆ ಒಂದೇ ಆಗಿರಬೇಕೆಂಬುದು ಬೋ ಅವರ ನಿಲುವಾಗಿತ್ತು. 1942ರಲ್ಲಿ ಅವರು ನಿಧನರಾದರು. ಅವರ ಚಿತ್ರಗಳು ಬೇಡುವುದು ಆ ಒಂದೇ ಅಳತೆಗೋಲನ್ನು.