ಸರ್ಕಸ್ಸಿನ ಸಿಂಹಗಳು ಎಲ್ಲಿಗೆ ಹೋದವು?



ದಾನಿಯೇಲನ ಕಥೆ ನಮಗೆಲ್ಲ ಬಾಯಿಪಾಠ. ಅವನನ್ನು ಸಿಂಹಗಳ ಗವಿಗೆ ಹಾಕಿದರು, ಬೆಳಗಾದಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಆದರೆ ಆ ಸಿಂಹಗಳನ್ನು ಗವಿಗೆ ಹಿಡಿದು ತಂದವರು ಯಾರು ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವ್ಯಾರೂ ಕೇಳಿದವರಲ್ಲ. ಹಿಂದೂಪುರದಿಂದ ಬನ್ನೇರುಘಟ್ಟಕ್ಕೆ ಪ್ರವಾಸ ಹೋದಾಗ ನಮ್ಮ ಜೊತೆಗಿದ್ದ ಪುಟ್ಟ ಹುಡುಗ ಕೇಳಿಯೇಬಿಟ್ಟ: "ಅಣ್ಣಾ, ಈ ಸಿಂಹ ಯಾವ ಕಾಡಿಂದು?" ಉತ್ತರ ಹುಡುಕಹೊರಟ ನಮಗೆ ಸಿಕ್ಕಿದ್ದು ಒಂದು ಉದ್ದದ ಚರಿತ್ರೆ.

ಸಿಂಹವನ್ನು ಪಂಜರದಲ್ಲಿಡುವ ಚಟ ಅರಸರ ಕಾಲದಿಂದಲೂ ಇದೆ. ನಿನೆವೆಯ ಅರಮನೆಯ ಕಲ್ಲಿನ ಕೆತ್ತನೆಗಳಲ್ಲಿ ಪಂಜರದ ಬಾಗಿಲೆತ್ತಿ ಸಿಂಹವನ್ನು ರಾಜನ ಬೇಟೆಗೆಂದು ಹೊರಬಿಡುವ ದೃಶ್ಯವಿದೆ. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಆ ಜಾಗದಲ್ಲಿ ಸರ್ಕಸ್ ಬಂದಿತ್ತು. ಊರಿಗೆ ಡೇರೆ ಬಿದ್ದರೆ ಸಾಕು, ಸಂಜೆ ಗರ್ಜನೆ ಕೇಳಲೆಂದೇ ಮಕ್ಕಳು ಮೈದಾನದ ಸುತ್ತ ಸುಳಿದಾಡುತ್ತಿದ್ದರಂತೆ. ಟಿಕೆಟ್ ಕೊಂಡು ಚಪ್ಪಾಳೆ ತಟ್ಟಿದವರು ನಮ್ಮವರೇ, ಅದನ್ನು ಮುಚ್ಚಿಡುವುದೇಕೆ?

ತಿರುವು ಬಂದದ್ದು ಕಾನೂನಿನಿಂದ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯ ಕೆಳಗೆ, 1998ರ ಅಕ್ಟೋಬರ್ 14ರಂದು ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. ಸರ್ಕಸ್ಸಿನವರು ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ಕೇರಳ ಹೈಕೋರ್ಟ್, 2001ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿದವು. ಹೊಟ್ಟೆಪಾಡು ಹೋಯಿತೆಂಬ ಅವರ ಅಳಲು ಸುಳ್ಳೇನಲ್ಲ. ಆದರೆ ಪಂಜರದೊಳಗಿನ ಜೀವಕ್ಕೆ ಅಳಲು ಹೇಳಿಕೊಳ್ಳಲು ಬಾಯಿಯೇ ಇರಲಿಲ್ಲ.

ಬಿಡಿಸಿದ ಸಿಂಹಗಳನ್ನು ಕಾಡಿಗೆ ಬಿಡುವಂತಿರಲಿಲ್ಲ. ಪಂಜರದಲ್ಲೇ ಹುಟ್ಟಿದವಕ್ಕೆ ಬೇಟೆ ಬಾರದು, ಮನುಷ್ಯರ ಭಯವೂ ಇಲ್ಲ. ಭಾರತದ ಕಾಡುಸಿಂಹ ಉಳಿದಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ಸರ್ಕಸ್ಸಿನವುಗಳಲ್ಲಿ ಆಫ್ರಿಕಾದ ರಕ್ತ ಬೆರೆತಿತ್ತು. 1980ರ ದಶಕದಲ್ಲಿ ಚಂಡೀಗಢದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಇಂಥ ಸಿಂಹಗಳು ಏಷ್ಯಾದ ಸಿಂಹಗಳೊಡನೆ ಕೂಡಿ ಮಿಶ್ರತಳಿ ಹುಟ್ಟಿದ ಮೇಲೆ ಆ ಸಂತತಿಯನ್ನೇ ನಿಲ್ಲಿಸಬೇಕಾಯಿತು. ಆದ್ದರಿಂದ ಬನ್ನೇರುಘಟ್ಟ, ತಿರುಪತಿ, ವಿಶಾಖಪಟ್ಟಣ ಮುಂತಾದ ಕಡೆ ಪುನರ್ವಸತಿ ಕೇಂದ್ರಗಳಾದವು. ಅಲ್ಲಿ ಬಯಲಿದೆ, ನೆರಳಿದೆ, ವೈದ್ಯರಿದ್ದಾರೆ, ದಿನಕ್ಕೆ ಕಿಲೋಗಟ್ಟಲೆ ಮಾಂಸವಿದೆ. ಮರಿ ಮಾತ್ರ ಇಲ್ಲ. ಸಾಯುವ ತನಕ ಸಾಕಬೇಕು, ಮುಂದಿನ ಪೀಳಿಗೆ ಬಾರದಂತೆ ನೋಡಿಕೊಳ್ಳಬೇಕು. ರಕ್ಷಣೆ ಎಂಬ ಮಾತಿಗೆ ಇಂಥ ಅರ್ಥವೂ ಇದೆಯೆಂದು ನಮಗೆ ತಿಳಿದದ್ದು ಆಗಲೇ.

ಸರ್ಕಸ್ಸಿನ ಕಥೆ ಮುಗಿಯುತ್ತ ಬಂದರೂ ಕಳ್ಳಸಾಗಣೆ ಮುಗಿದಿಲ್ಲ. 2019ರ ಜೂನ್‌ನಲ್ಲಿ ಕೋಲ್ಕತ್ತದ ಹೆದ್ದಾರಿಯೊಂದರಲ್ಲಿ ಕಾರು ತಡೆದ ಅಧಿಕಾರಿಗಳಿಗೆ ಒಂದು ಸಿಂಹದ ಮರಿ, ಮೂರು ಲಂಗೂರಗಳು ಸಿಕ್ಕವು. 2023ರ ಜನವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ 18 ವಿದೇಶಿ ಪ್ರಾಣಿಗಳು ಸಿಕ್ಕಿಬಿದ್ದವು. ಜಾಡು ಹಿಡಿದು ಹೋದರೆ ಒಂದು ತೋಟದ ಮನೆಯಲ್ಲಿ ಮತ್ತೆ 139! ನಮ್ಮ ಊರಿಂದ ನೂರು ಕಿಲೋಮೀಟರ್ ಆಸುಪಾಸಿನ ಮಾತಿದು. ಅವೂ ಬನ್ನೇರುಘಟ್ಟಕ್ಕೇ ಹೋದವು. 1972ರ ವನ್ಯಜೀವಿ ಕಾಯ್ದೆ ಮುಖ್ಯವಾಗಿ ನಮ್ಮ ನಾಡಿನ ಪ್ರಾಣಿಗಳನ್ನು ಕಾಯುತ್ತಿತ್ತು. ವಿದೇಶಿ ಪ್ರಾಣಿ ಸಾಕುವವರೂ ನೋಂದಣಿ ಮಾಡಿಸಬೇಕೆಂಬ ನಿಯಮ ಬಂದದ್ದು 2022ರ ತಿದ್ದುಪಡಿಯಿಂದ. ಅದು 2023ರ ಏಪ್ರಿಲ್ 1ರಂದು ಜಾರಿಯಾಯಿತು.

ಹೊರಗಿನ ಪ್ರಾಣಿ ನಮ್ಮಲ್ಲಿಗೆ ಬಂದಂತೆ ನಮ್ಮದೂ ಹೊರಗೆ ಹೋಗುತ್ತದೆ. ಕಲ್ಯಾಣದುರ್ಗದ ಕಡೆಯ ಕುರುಚಲು ಗುಡ್ಡಗಳಲ್ಲಿ, ಕಡಲೆಕಾಯಿ ಹೊಲದ ಬದುವಿನಲ್ಲಿ ಮಳೆಗಾಲದಲ್ಲಿ ಕಾಣುವ ನಕ್ಷತ್ರ ಆಮೆ ನಿಮಗೆ ಗೊತ್ತಲ್ಲ? ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ಆ ಅಂದವೇ ಅದಕ್ಕೆ ಮುಳುವು. ಭಾರತದ ಒಂದೇ ವ್ಯಾಪಾರ ಕೇಂದ್ರದ ಮೂಲಕ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿದು ಸಾಗಿಸುತ್ತಿದ್ದರೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹೊಲದಲ್ಲಿ ಎತ್ತಿಕೊಟ್ಟ ಬಡವನಿಗೆ ಪುಡಿಗಾಸು, ಪರದೇಶದಲ್ಲಿ ಮಾರುವವನಿಗೆ ಡಾಲರು. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಜಗತ್ತಿನ ದೇಶಗಳು ಸೇರಿ ನಿಷೇಧಿಸಿದವು.

ಆದರೆ ಸಿಂಹಕ್ಕೆ ಇಲ್ಲದ ಭಾಗ್ಯ ಆಮೆಗಿದೆ. ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ಬಂದವು. ರೋಗ ತಪಾಸಣೆ ಮುಗಿದ ಮೇಲೆ ಕಾಡಿಗೆ ಮರಳಿಸುವುದೆಂದು ಕರ್ನಾಟಕ ಅರಣ್ಯ ಇಲಾಖೆಯೂ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯೂ ಅವನ್ನು ಬರಮಾಡಿಕೊಂಡವು. ಇದನ್ನು ಹೇಳಿದಾಗ ಆ ಪುಟ್ಟ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ತನ್ನ ಮಾವನ ಮನೆಯ ನೀರಿನ ತೊಟ್ಟಿಯ ಪಕ್ಕ ಅಂಥದ್ದೇ ಒಂದಿದೆ, ಅದೃಷ್ಟ ತರುತ್ತದೆಂದು ಇಟ್ಟುಕೊಂಡಿದ್ದಾರೆ ಎಂದ.