ಜಮೆಯ ಕಡೆ ಬರೆದ ಸೆರೆಯಾಳು

೧೭೭೩ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್ ಪ್ರಾಂತಕ್ಕೆ ಜಾನ್ ಹೊವರ್ಡ್ ಎಂಬ ಗೃಹಸ್ಥರು ಶೆರೀಫರಾಗಿ ನೇಮಕಗೊಂಡರು. ಆ ಕಾಲಕ್ಕೆ ಅದು ಬಹುಮಟ್ಟಿಗೆ ಮರ್ಯಾದೆಯ ಪದವಿ. ಪ್ರಾಂತದ ಸೆರೆಮನೆ ಹೆಸರಿಗೆ ಶೆರೀಫರ ಅಧೀನದಲ್ಲಿದ್ದರೂ ಅದರ ಹೊಸ್ತಿಲು ದಾಟಿ ಒಳಗೆ ನೋಡಿದವರು ವಿರಳ. ಹೊವರ್ಡರು ಒಳಗೆ ಹೋಗಿ ನೋಡಿದರು. ನ್ಯಾಯಾಲಯವು ನಿರಪರಾಧಿಗಳೆಂದು ತೀರ್ಪಿತ್ತವರನ್ನೂ ಅಲ್ಲಿ ತಿಂಗಳುಗಟ್ಟಲೆ ಕೂಡಿಹಾಕಲಾಗಿತ್ತು. ಅವರ ಮೇಲೆ ಉಳಿದಿದ್ದ ಆರೋಪ ಯಾವುದೂ ಇರಲಿಲ್ಲ. ಜೈಲರನಿಗೆ ಸಲ್ಲತಕ್ಕ ಶುಲ್ಕವನ್ನು ತೆರಲು ಅವರಲ್ಲಿ ಹಣವಿರಲಿಲ್ಲ, ಅಷ್ಟೇ.

ಜೈಲರನಿಗೆ ಸಂಬಳವೆಂಬುದಿರಲಿಲ್ಲ. ಕೈದಿಗಳು ಕೊಡುವ ಶುಲ್ಕವೇ ಅವನ ಜೀವನೋಪಾಯ. ಸಂಬಳ ಕೊಟ್ಟು ಈ ಶುಲ್ಕವನ್ನು ನಿಲ್ಲಿಸಿರೆಂದು ಹೊವರ್ಡರು ಪ್ರಾಂತದ ನ್ಯಾಯಾಧಿಪತಿಗಳನ್ನು ಕೇಳಿಕೊಂಡರು. ಅವರು ಒಲ್ಲೆವೆನ್ನಲಿಲ್ಲ, ಇಂತಹ ಖರ್ಚನ್ನು ಪ್ರಾಂತದ ಲೆಕ್ಕಕ್ಕೆ ಹಾಕಿದ ಪೂರ್ವೋದಾಹರಣೆಯೊಂದನ್ನು ತೋರಿಸಿರೆಂದರು. ಹೊವರ್ಡರು ಅದನ್ನು ಹುಡುಕಿಕೊಂಡು ಕುದುರೆಯೇರಿ ನೆರೆಯ ಪ್ರಾಂತಗಳಿಗೆ ಹೊರಟರು. ಉದಾಹರಣೆ ಎಲ್ಲಿಯೂ ಸಿಗಲಿಲ್ಲ. ಅದೇ ಅನ್ಯಾಯ ಮಾತ್ರ ಎಲ್ಲೆಲ್ಲಿಯೂ ಕಂಡಿತು. ಬಿಡುಗಡೆಯಾದವರಿಂದ ಶುಲ್ಕ ವಸೂಲು ಮಾಡಕೂಡದೆಂದು ಪಾರ್ಲಿಮೆಂಟು ೧೭೭೪ರಲ್ಲಿ ಕಾನೂನು ಮಾಡಿತು. ಆ ಕಾನೂನಿನ ಪ್ರತಿಗಳನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ ದೇಶದ ಸೆರೆಮನೆಗಳಿಗೆಲ್ಲ ಕಳುಹಿಸಿದವರೂ ಹೊವರ್ಡರೇ.

ಬೆಡ್‌ಫರ್ಡಿನ ಜೈಲರನು ವಿಶೇಷ ಕ್ರೂರಿಯಾಗಿದ್ದನೆಂದು ಭಾವಿಸಬೇಕಾದ ಕಾರಣವಿಲ್ಲ. ವ್ಯಾಪಾರ ಬಲ್ಲವರಿಗೆ ಇಲ್ಲಿಯ ದೋಷ ಲೆಕ್ಕದ ಪುಸ್ತಕದಲ್ಲಿಯೇ ಕಾಣುತ್ತದೆ. ಒಬ್ಬ ಮನುಷ್ಯನ ಸೆರೆವಾಸವನ್ನು ಜಮೆಯ ಕಡೆ ಬರೆದ ಮೇಲೆ ಅವನ ಬಿಡುಗಡೆ ತಾನಾಗಿಯೇ ನಷ್ಟವಾಗುತ್ತದೆ. ಪುಸ್ತಕ ಬರೆಯುವವನು ಸಾಧುವಾದರೂ ಸರಿಯೆ, ದುಷ್ಟನಾದರೂ ಸರಿಯೆ, ಬಾಕಿ ತೆಗೆದಾಗ ಅಂಕಿ ಅದೇ ಬರುತ್ತದೆ.

ದುಷ್ಟನ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಅದಕ್ಕೂ ಹಿಂದಿನ ನಿದರ್ಶನವೊಂದು ಲಂಡನ್ನಿನಲ್ಲಿದೆ. ಅಲ್ಲಿಯ ಫ್ಲೀಟ್ ಸೆರೆಮನೆಯ ಅಧಿಕಾರವೇ ಕೊಂಡು ಮಾರುವ ಸರಕಾಗಿತ್ತು. ಜಾನ್ ಹಗಿನ್ಸ್ ಎಂಬವನು ೫,೦೦೦ ಪೌಂಡು ತೆತ್ತು ಪಡೆದಿದ್ದ ಆ ಹುದ್ದೆಯನ್ನು ೧೭೨೮ರಲ್ಲಿ ಅದೇ ಬೆಲೆಗೆ ಥಾಮಸ್ ಬ್ಯಾಂಬ್ರಿಜ್ ಮತ್ತು ಅವನ ಪಾಲುದಾರನಿಗೆ ಮಾರಿದನು. ಹೂಡಿದ ಬಂಡವಾಳ ಹಿಂದಿರುಗಬೇಕಲ್ಲವೆ? ಸಾಲದ ಕಾರಣ ಸೆರೆಯಲ್ಲಿದ್ದ ರಾಬರ್ಟ್ ಕ್ಯಾಸ್ಟೆಲ್ ಎಂಬ ವಾಸ್ತುಶಿಲ್ಪಿ, ಕೇಳಿದಷ್ಟು ಶುಲ್ಕ ಕೊಡಲಾರದೆ ಹೋದಾಗ, ಸಿಡುಬು ಹರಡಿದ್ದ ಮನೆಗೆ ಸಾಗಿಸಲ್ಪಟ್ಟನು. ತನಗೆ ಆ ರೋಗ ಹಿಂದೆ ಬಂದಿಲ್ಲವೆಂದು ಅಂಗಲಾಚಿದರೂ ಕೇಳಲಿಲ್ಲ, ಅಲ್ಲಿಯೇ ತೀರಿಕೊಂಡನು. ಅವನ ಸ್ನೇಹಿತ ಜೇಮ್ಸ್ ಓಗಲ್‌ಥಾರ್ಪ್ ಪಾರ್ಲಿಮೆಂಟಿನ ಸದಸ್ಯನಾಗಿದ್ದುದರಿಂದ ೧೭೨೯ರಲ್ಲಿ ವಿಚಾರಣಾ ಸಮಿತಿ ಕುಳಿತಿತು. ಕೊಲೆಯ ಆರೋಪದಿಂದ ಬ್ಯಾಂಬ್ರಿಜ್ ಪಾರಾದನು, ಹುದ್ದೆಯನ್ನಷ್ಟೇ ಕಳೆದುಕೊಂಡನು.

ಇವೆಲ್ಲವನ್ನೂ ಬಲ್ಲ ಬುದ್ಧಿವಂತರೊಬ್ಬರು, ಕರಾರನ್ನು ಜಾಣತನದಿಂದ ಬರೆದರೆ ಲಾಭವೇ ದಯೆಯ ಕೆಲಸವನ್ನು ಮಾಡೀತೆಂದು ನಂಬಿದ್ದರು. ಅವರೇ ಜೆರೆಮಿ ಬೆಂಥಮ್. ೧೭೯೧ರಲ್ಲಿ ಪ್ರಕಟವಾದ ಅವರ ಯೋಜನೆಯಂತೆ ಸೆರೆಮನೆಯನ್ನು ಗುತ್ತಿಗೆದಾರನಿಗೆ ವಹಿಸಬೇಕು. ಕೈದಿಗಳ ದುಡಿಮೆಯ ಲಾಭ ಅವನದು. ಆದರೆ ಸರಾಸರಿಯನ್ನು ಮೀರಿ ಸತ್ತ ಪ್ರತಿಯೊಬ್ಬ ಕೈದಿಗೂ ಅವನು ದಂಡ ತೆರಬೇಕು; ಲೆಕ್ಕಪತ್ರ ಎಲ್ಲರಿಗೂ ತೆರೆದಿರಬೇಕು. ಆ ಗುತ್ತಿಗೆದಾರ ತಾವೇ ಆಗುವುದೆಂದು ಬೆಂಥಮ್ಮರು ಸಿದ್ಧರಾಗಿದ್ದರು. ಇಪ್ಪತ್ತು ವರ್ಷ ಓಡಾಡಿದರೂ ಯೋಜನೆ ಕೈಗೂಡಲಿಲ್ಲ. ೧೮೧೩ರಲ್ಲಿ ಸರ್ಕಾರ ಅವರಿಗೆ ೨೩,೦೦೦ ಪೌಂಡು ಪರಿಹಾರ ಕೊಟ್ಟು ಕೈತೊಳೆದುಕೊಂಡಿತು. ಅವರ ಯೋಚನೆಯನ್ನು ಹಗುರವಾಗಿ ನೋಡಲಾಗದು. ಸಾವಿಗೆ ದಂಡ ವಿಧಿಸಿದರೆ ಸಾವು ಕಡಿಮೆಯಾದೀತು. ಆದರೆ ಅವಧಿಗೆ ಮೊದಲೇ ಒಬ್ಬನನ್ನು ಮನೆಗೆ ಕಳುಹಿಸುವಂತೆ ಗುತ್ತಿಗೆದಾರನನ್ನು ಪ್ರೇರಿಸುವ ಕಲಮು ಆ ಕರಾರಿನಲ್ಲಿ ಎಲ್ಲಿಂದ ಬರಬೇಕು?

ಜಾಣ ಕರಾರೂ ಇಲ್ಲದೆ ಬರಿಯ ಗುತ್ತಿಗೆ ನಡೆದದ್ದು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ. ೧೮೬೫ರ ಸಂವಿಧಾನ ತಿದ್ದುಪಡಿ ಗುಲಾಮಗಿರಿಯನ್ನು ನಿಷೇಧಿಸಿತಾದರೂ ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ ದಾಸ್ಯಕ್ಕೆ ವಿನಾಯಿತಿಯನ್ನು ಉಳಿಸಿತು. ಯುದ್ಧದಿಂದ ಬರಿದಾಗಿದ್ದ ಖಜಾನೆಗಳಿಗೆ ಆ ಸಣ್ಣ ಕಿಂಡಿಯೇ ಸಾಕಾಯಿತು. ಕೈದಿಗಳನ್ನು ಗಣಿ, ರೈಲುದಾರಿ, ಹತ್ತಿಯ ಹೊಲ, ಮರ ಕಡಿಯುವ ಕಾಡುಗಳಿಗೆ ತಲೆಗೆ ಇಷ್ಟೆಂದು ಗುತ್ತಿಗೆ ಕೊಡಲಾರಂಭಿಸಿದರು. ಗುತ್ತಿಗೆಗೆ ಆಳುಗಳು ಬೇಕಾದಾಗ ಕಾನೂನೂ ಬಾಗಿತು. ಮಿಸಿಸಿಪ್ಪಿಯಲ್ಲಿ ೧೮೭೬ರ ಕಾಯಿದೆಯೊಂದು, ಹಂದಿಯನ್ನೋ ದನವನ್ನೋ ಅಥವಾ ಹತ್ತು ಡಾಲರಿಗೆ ಮೀರಿದ ಯಾವುದೇ ವಸ್ತುವನ್ನೋ ಕದ್ದರೆ ಅದು ಘೋರ ಕಳ್ಳತನವೆಂದು ಸಾರಿತು. ೧೮೭೪ರಲ್ಲಿ ೨೭೨ ಇದ್ದ ಅಲ್ಲಿಯ ಕೈದಿಗಳ ಸಂಖ್ಯೆ ೧೮೭೭ರ ಕೊನೆಗೆ ೧,೦೭೨ ಆಯಿತು. ಅವರಲ್ಲಿ ಬಹುಪಾಲು ಇತ್ತೀಚೆಗಷ್ಟೇ ದಾಸ್ಯದಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನರು.

ಗುಲಾಮನನ್ನು ಕೊಂಡವನು ಅವನ ಮೇಲೆ ಬಂಡವಾಳ ಹಾಕಿದ್ದನು. ಆಳು ಸತ್ತರೆ ಅಷ್ಟು ಹಣ ಮುಳುಗುತ್ತಿತ್ತು. ಕೈದಿಯನ್ನು ಗುತ್ತಿಗೆ ಹಿಡಿದವನಿಗೆ ಆ ಭಯವೂ ಇರಲಿಲ್ಲ. ಒಬ್ಬ ಸತ್ತರೆ ಸಂಸ್ಥಾನ ಇನ್ನೊಬ್ಬನನ್ನು ಒದಗಿಸುತ್ತಿತ್ತು. ಹೀಗಾಗಿ ಕೆಲವೆಡೆ ಈ ಗುತ್ತಿಗೆ ಗುಲಾಮಗಿರಿಗಿಂತಲೂ ಮಾರಕವಾಯಿತು. ೧೯೧೧ರ ಏಪ್ರಿಲ್‌ನಲ್ಲಿ ಅಲಬಾಮದ ಬ್ಯಾನರ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ ೧೨೮ ಮಂದಿ ಸತ್ತರು. ಹೆಚ್ಚಿನವರು ಸಣ್ಣಪುಟ್ಟ ತಪ್ಪುಗಳಿಗೆ ಸೆರೆ ಸಿಕ್ಕಿ ಗುತ್ತಿಗೆಗೆ ಬಂದಿದ್ದ ಕೈದಿಗಳು. ಅದೇ ಅಲಬಾಮದಲ್ಲಿ ೧೮೯೮ರಲ್ಲಿ ಸಂಸ್ಥಾನದ ಆದಾಯದ ನೂರಕ್ಕೆ ಸುಮಾರು ೭೩ ಭಾಗ ಕೈದಿಗಳ ಗುತ್ತಿಗೆಯಿಂದಲೇ ಬಂದಿತೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಇಲ್ಲಿ ಲಾಭ ಉಂಡವರು ಕಂಪನಿಯವರು ಮಾತ್ರವಲ್ಲ. ಸರ್ಕಾರವೂ ಪಂಕ್ತಿಯಲ್ಲಿ ಕುಳಿತಿತ್ತು. ಖಾಸಗಿಯವರು ಮಾಡಿದರೆ ಪಾಪ, ಸರ್ಕಾರ ಮಾಡಿದರೆ ಪುಣ್ಯ ಎಂಬ ಸುಲಭದ ತೀರ್ಮಾನಕ್ಕೆ ಎಡೆಯಿಲ್ಲ. ಟೆನೆಸಿ ಸಂಸ್ಥಾನವು ೧೮೯೬ರಲ್ಲಿ ಗುತ್ತಿಗೆಯನ್ನು ಕೈಬಿಟ್ಟಿತೇನೋ ನಿಜ. ಆಮೇಲೆ ತಾನೇ ಬ್ರಷಿ ಪರ್ವತದಲ್ಲಿ ಸೆರೆಮನೆ ಕಟ್ಟಿ ಕೈದಿಗಳಿಂದ ಕಲ್ಲಿದ್ದಲು ತೆಗೆಸತೊಡಗಿತು.

ಗುತ್ತಿಗೆಯ ಅಂತ್ಯಕ್ಕೆ ಕಾರಣವಾದ ಪ್ರಕರಣವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉತ್ತರ ಡಕೋಟದ ರೈತ ಮನೆತನದ ಮಾರ್ಟಿನ್ ಟಾಬರ್ಟ್ ಎಂಬ ಇಪ್ಪತ್ತೆರಡು ವರ್ಷದ ತರುಣ ಊರು ನೋಡಲು ಹೊರಟು, ೧೯೨೧ರ ಡಿಸೆಂಬರಿನಲ್ಲಿ ಫ್ಲಾರಿಡಾದಲ್ಲಿ ಟಿಕೇಟಿಲ್ಲದೆ ಗೂಡ್ಸ್ ರೈಲು ಹತ್ತಿದ್ದಕ್ಕೆ ಸಿಕ್ಕಿಬಿದ್ದನು. ಇಪ್ಪತ್ತೈದು ಡಾಲರ್ ಜುಲ್ಮಾನೆ. ತಪ್ಪಿದರೆ ಮೂರು ತಿಂಗಳ ಸೆರೆ. ಮನೆಯವರು ಜುಲ್ಮಾನೆಗೆ ಮೀರಿ ಹಣ ಕಳುಹಿಸಿದರು. ಆ ಲಕೋಟೆ, ಕೈದಿ ಇಲ್ಲಿಲ್ಲವೆಂಬ ಷರಾದೊಂದಿಗೆ ಶೆರೀಫನ ಕಚೇರಿಯಿಂದ ಹಿಂದಕ್ಕೆ ಬಂದಿತು. ಅಷ್ಟರಲ್ಲಿ ಅವನನ್ನು ಮರದ ಕಂಪನಿಯೊಂದರ ಕ್ಯಾಂಪಿಗೆ ಸಾಗಿಸಲಾಗಿತ್ತು. ಹಾಗೆ ಒದಗಿಸಿದ ಪ್ರತಿಯೊಬ್ಬ ಆಳಿಗೂ ಕಂಪನಿಯಿಂದ ಶೆರೀಫನಿಗೆ ಇಪ್ಪತ್ತು ಡಾಲರ್ ಸಲ್ಲುತ್ತಿತ್ತು. ಕಾಯಿಲೆ ಬಿದ್ದು ಕೆಲಸ ಮಾಡಲಾರದ ಆ ಹುಡುಗನನ್ನು ಮೇಸ್ತ್ರಿ ಚಾಟಿಯಿಂದ ಹೊಡೆದನು. ೧೯೨೨ರ ಫೆಬ್ರವರಿ ಮೊದಲ ದಿನ ಅವನು ತೀರಿಕೊಂಡನು. ಜ್ವರದಿಂದ ಸತ್ತನೆಂದು ಕಂಪನಿ ತಂದೆತಾಯಿಗೆ ಬರೆಯಿತು. ಜೊತೆಗಿದ್ದ ಕೈದಿಯೊಬ್ಬ ಬರೆದ ಪತ್ರದಿಂದ ಸತ್ಯ ಹೊರಬಿತ್ತು. ಹೊಡೆದವನು ಮರುವಿಚಾರಣೆಯಲ್ಲಿ ಬಿಡುಗಡೆ ಹೊಂದಿದರೂ ೧೯೨೩ರಲ್ಲಿ ಫ್ಲಾರಿಡಾ ಕೈದಿಗಳ ಗುತ್ತಿಗೆಯನ್ನೂ ಚಾಟಿಯ ಶಿಕ್ಷೆಯನ್ನೂ ರದ್ದುಪಡಿಸಿತು. ಐದು ವರ್ಷಗಳ ಮೇಲೆ, ಎಲ್ಲರಿಗಿಂತ ಕೊನೆಗೆ, ಅಲಬಾಮವೂ ಗುತ್ತಿಗೆಯನ್ನು ನಿಲ್ಲಿಸಿತು. ಅದಕ್ಕೆ ಹಿಂದೆ ಐವತ್ತು ವರ್ಷ ಸಹಸ್ರಾರು ಕಪ್ಪು ಜನರು ಇದೇ ರೀತಿ ಸತ್ತಿದ್ದಾಗ ಅಲುಗದಿದ್ದ ದೇಶ ಒಬ್ಬ ಬಿಳಿಯ ಹುಡುಗನ ಸಾವಿಗೆ ಅಲುಗಿತೆಂಬುದನ್ನೂ ಮರೆಯಬಾರದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದ ಶ್ರಾವಕರಿಗೆ ಈ ಕ್ಯಾಂಪುಗಳ ವರ್ಣನೆ ಅಪರಿಚಿತವೆನಿಸದು. ಅಹಿಂಸಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಬಂಧ, ಹೊಡೆತ, ಅತಿಭಾರಾರೋಪಣ, ಅನ್ನಪಾನನಿರೋಧ ಈ ನಾಲ್ಕೂ ಅಲ್ಲಿ ದಿನಚರಿಯಾಗಿದ್ದವು. ದನಕರುಗಳಿಗೂ ಆಳುಕಾಳುಗಳಿಗೂ ಅನ್ವಯಿಸಿ ಹೇಳುವ ಈ ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಇಷ್ಟವಾದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ವಿವರಿಸುತ್ತಾರೆ. ದಂಡಿಸುವ ಅಧಿಕಾರವನ್ನು ಜೈನಪರಂಪರೆ ರಾಜನಿಗೆ ನಿರಾಕರಿಸಿಲ್ಲ. ಕುಲಕರರ ಕಾಲಕ್ಕೆ ಹಾ, ಮಾ, ಧಿಕ್ ಎಂಬ ಮಾತುಗಳೇ ಶಿಕ್ಷೆಯಾಗಿದ್ದು, ಭರತ ಚಕ್ರವರ್ತಿಯ ಕಾಲಕ್ಕೆ ಬಂಧನಾದಿಗಳು ಬಂದವೆಂದು ಆದಿಪುರಾಣ ಹೇಳುತ್ತದೆ. ಅಗತ್ಯಕ್ಕಾಗಿ ಒಪ್ಪಿಕೊಂಡ ಈ ಹಿಂಸೆಯನ್ನು ಆದಾಯಕ್ಕಾಗಿ ಹೆಚ್ಚಿಸಬಹುದೆ ಎಂಬುದೇ ಇಲ್ಲಿಯ ಪ್ರಶ್ನೆ.

ಹಳೆಯ ಗುತ್ತಿಗೆ ಮುಗಿದು ಅರ್ಧ ಶತಮಾನದ ಮೇಲೆ ಆ ಪ್ರಶ್ನೆ ಹೊಸ ವೇಷದಲ್ಲಿ ಮರಳಿತು. ಅಮೆರಿಕದ ಸೆರೆಮನೆಗಳು ಕಿಕ್ಕಿರಿದಿದ್ದ ೧೯೮೩ರಲ್ಲಿ ಟೆನೆಸಿಯ ನ್ಯಾಶ್‌ವಿಲ್ ನಗರದಲ್ಲಿ ಸೆರೆಮನೆ ನಡೆಸುವ ಕಂಪನಿಯೊಂದು ಸ್ಥಾಪನೆಯಾಯಿತು. ೨೦೧೬ರಿಂದ ಅದರ ಹೆಸರು ಕೋರ್‌ಸಿವಿಕ್. ಈಗ ಕೈದಿಯ ದುಡಿಮೆ ಮುಖ್ಯವಲ್ಲ. ತಲೆಗೆ ದಿನಕ್ಕೆ ಇಷ್ಟೆಂದು ಸರ್ಕಾರವೇ ಕಂಪನಿಗೆ ಕೊಡುತ್ತದೆ. ಅದರ ವಾರ್ಷಿಕ ವರದಿಗಳಲ್ಲಿ ವ್ಯಾಪಾರಕ್ಕಿರುವ ಅಪಾಯಗಳನ್ನು ಹೇಳುವ ಭಾಗವನ್ನು ಲೆಕ್ಕ ಬಲ್ಲವರು ಓದಬೇಕು. ಶಿಕ್ಷೆಗಳು ಸೌಮ್ಯವಾಗುವುದು, ಕೆಲವು ಕೃತ್ಯಗಳು ಅಪರಾಧಗಳೆನಿಸದೆ ಹೋಗುವುದು ಬೇಡಿಕೆಯನ್ನು ತಗ್ಗಿಸಬಹುದೆಂದು ಅಲ್ಲಿ ಶೇರುದಾರರಿಗೆ ಪ್ರಾಮಾಣಿಕವಾಗಿಯೇ ಎಚ್ಚರಿಕೆ ಕೊಟ್ಟಿದ್ದರು. ೨೦೧೨ರಲ್ಲಿ ಕಂಪನಿ ೪೮ ಸಂಸ್ಥಾನಗಳಿಗೆ ಪತ್ರ ಬರೆದು, ನಿಮ್ಮ ಸೆರೆಮನೆಗಳನ್ನು ಕೊಂಡುಕೊಳ್ಳುತ್ತೇವೆ, ಆದರೆ ಇಪ್ಪತ್ತು ವರ್ಷ ನೂರಕ್ಕೆ ೯೦ ಭಾಗ ತುಂಬಿಸಿಕೊಡುವ ಭರವಸೆ ಬೇಕು ಎಂದಿತು. ಬೆಡ್‌ಫರ್ಡಿನ ಜೈಲರನಿಗೆ ಇಷ್ಟು ದೂರದ ಯೋಚನೆ ಇರಲಿಲ್ಲ.

ಪೆನ್ಸಿಲ್ವೇನಿಯಾದ ಲೂಜರ್ನ್ ಕೌಂಟಿಯಲ್ಲಿ ಈ ಲೆಕ್ಕ ನ್ಯಾಯಪೀಠಕ್ಕೇ ಏರಿತು. ಬಾಲಾಪರಾಧಿಗಳ ಖಾಸಗಿ ಬಂಧನಗೃಹಗಳನ್ನು ಕಟ್ಟಿಸಿದವನಿಂದಲೂ ಅವುಗಳ ಒಡೆತನದಲ್ಲಿ ಪಾಲಿದ್ದವನಿಂದಲೂ ಇಬ್ಬರು ನ್ಯಾಯಾಧೀಶರು ಸುಮಾರು ೨೮ ಲಕ್ಷ ಡಾಲರ್ ಪಡೆದದ್ದು ೨೦೦೯ರಲ್ಲಿ ಬಯಲಾಯಿತು. ಶಾಲೆಯ ಅಧಿಕಾರಿಯನ್ನು ಇಂಟರ್ನೆಟ್ಟಿನಲ್ಲಿ ಗೇಲಿ ಮಾಡಿದ ಹುಡುಗಿಯೂ ಸೆರೆಗೆ ಹೋಗಿದ್ದಳು. ಸಾವಿರಾರು ಮಕ್ಕಳ ಮೇಲಿನ ತೀರ್ಪುಗಳನ್ನು ಮೇಲಿನ ನ್ಯಾಯಾಲಯ ರದ್ದುಮಾಡಬೇಕಾಯಿತು.

ಸರ್ಕಾರಿ ಸೆರೆಮನೆಗಳೇನು ಸ್ವರ್ಗವೆ ಎಂಬ ಆಕ್ಷೇಪ ನ್ಯಾಯವಾದುದೇ. ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಕಥೆ ೧೯೭೯ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆಯ ಮೂಲಕ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಅದು ನಿರ್ಲಕ್ಷ್ಯದ ಪಾಪ, ದೊಡ್ಡ ಪಾಪವೇ. ಆದರೆ ಅವರನ್ನು ಬಿಡಿರೆಂದು ನ್ಯಾಯಾಲಯ ಹೇಳಿದಾಗ ಯಾವ ಶೇರುದಾರನ ಡಿವಿಡೆಂಡೂ ಕಡಿಮೆಯಾಗಲಿಲ್ಲ. ಆಸ್ಪತ್ರೆಗಳೂ ರೋಗಿಗಳಿಂದಲೇ ಬದುಕುವುದಿಲ್ಲವೆ ಎಂದೂ ಕೇಳುವವರುಂಟು. ರೋಗಿ ತಾನಾಗಿ ಬರುತ್ತಾನೆ, ಬೇಡವಾದರೆ ಎದ್ದುಹೋಗುತ್ತಾನೆ.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಖಾಸಗಿ ಸೆರೆಮನೆಗಳ ಕರಾರನ್ನು ನವೀಕರಿಸಬಾರದೆಂಬ ೨೦೨೧ರ ಆಜ್ಞೆಯನ್ನು ೨೦೨೫ರ ಜನವರಿಯಲ್ಲಿ ಹಿಂತೆಗೆದುಕೊಂಡರು. ಈ ಕಂಪನಿಗಳ ಶೇರುಗಳು ನ್ಯೂಯಾರ್ಕ್ ಪೇಟೆಯಲ್ಲಿ ಮಾರಾಟವಾಗುತ್ತವೆ; ಎಲ್ಲ ಶೇರುಗಳನ್ನೂ ಒಟ್ಟಿಗೆ ಕೊಳ್ಳುವ ಸೂಚ್ಯಂಕ ನಿಧಿಗಳ ಮೂಲಕ, ಕೊಂಡವನಿಗೆ ತಿಳಿಯದಂತೆಯೇ, ಅಲ್ಲಿ ನೆಲೆಸಿದ ನಮ್ಮ ಕುಟುಂಬಗಳ ನಿವೃತ್ತಿ ಹಣದೊಳಗೂ ಬಂದು ಸೇರಬಹುದು. ಭಾರತದ ಬಸದಿಗಳ ಟ್ರಸ್ಟುಗಳಿಗೆ ಇಂತಹ ಹೂಡಿಕೆಗೆ ತೆರಿಗೆ ಕಾಯಿದೆಯೇ ಎಡೆಗೊಡುವುದಿಲ್ಲ. ಗೃಹಸ್ಥರಿಗೆ ಆ ತಡೆಯಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯ ೨೦೧೫ರಲ್ಲಿ ತನ್ನ ನಿಧಿಯನ್ನು ಈ ವ್ಯಾಪಾರದಿಂದ ಹಿಂತೆಗೆಯಲು ನಿಶ್ಚಯಿಸಿತು. ಜೆ.ಪಿ. ಮಾರ್ಗನ್ ಬ್ಯಾಂಕು ೨೦೧೯ರಲ್ಲಿ ಇವಕ್ಕೆ ಇನ್ನು ಸಾಲ ಕೊಡುವುದಿಲ್ಲವೆಂದಿತು. ನಿಧಿಯ ವಿವರಪಟ್ಟಿಯನ್ನು ತರಿಸಿ ನೋಡುವುದು ಅರ್ಧ ಗಂಟೆಯ ಕೆಲಸ.

ಇಸ್ರೇಲಿನಲ್ಲಿ ೨೦೦೪ರ ಕಾಯಿದೆಯಂತೆ ಬೇರ್‌ಶೇಬಾದ ಬಳಿ ಮೊದಲ ಖಾಸಗಿ ಸೆರೆಮನೆ ಸಿದ್ಧವಾಯಿತು. ೨೦೦೯ರ ನವೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಆ ಕಾಯಿದೆಯನ್ನು ಅಸಿಂಧುವೆಂದರು. ಮೊದಲು ನಡೆಸಿ ನೋಡೋಣ, ದೌರ್ಜನ್ಯ ಕಂಡರೆ ಆಗ ನೋಡಿಕೊಳ್ಳೋಣವೆಂಬುದು ಉಳಿದೊಬ್ಬರ ಅಭಿಪ್ರಾಯ. ಅಲ್ಲಿಯ ಕೋಣೆಗಳು ಸರ್ಕಾರಿ ಕೋಣೆಗಳಿಗಿಂತ ಉತ್ತಮವಿದ್ದರೂ ಇರಬಹುದು, ಆದರೆ ಮನುಷ್ಯನ ಸ್ವಾತಂತ್ರ್ಯವನ್ನು ಲಾಭಾರ್ಥಿಯ ಕೈಗೆ ಒಪ್ಪಿಸುವುದೇ ಅವನ ಘನತೆಗೆ ಭಂಗ ಎಂದು ಅಧ್ಯಕ್ಷೆ ಡೊರಿಟ್ ಬೈನಿಶ್ ಮತ್ತು ಬಹುಮತದವರು ಕಂಡುಕೊಂಡರು. ಸರ್ಕಾರ ಕಂಪನಿಗೆ ಪರಿಹಾರ ಕೊಟ್ಟಿತು. ಆ ಕಂಪನಿಯ ಕಾವಲಿನಲ್ಲಿ ಒಬ್ಬ ಕೈದಿಯೂ ಅಲ್ಲಿ ಒಂದು ರಾತ್ರಿಯನ್ನೂ ಕಳೆಯಲಿಲ್ಲ.