ಇಳಿಜಾರಿಗೆ ಮುಖ ಮಾಡಿ ನಿಂತ ಕಾರು

ಮಲೆನಾಡಿನಲ್ಲಿ ಕಾರು ನಿಲ್ಲಿಸುವುದಕ್ಕೂ ಒಂದು ಕ್ರಮವಿತ್ತು. ಅಂಗಳ ಎಷ್ಟೇ ವಿಶಾಲವಾಗಿರಲಿ, ಮಳೆಗಾಲದಲ್ಲಿ ಗಾಡಿಯ ಮೂತಿ ಇಳಿಜಾರಿನ ಕಡೆಗೇ ಇರಬೇಕು. ಬೆಳಿಗ್ಗೆ ಸ್ಟಾರ್ಟ್ ಆಗದೆ ಹಟ ಹಿಡಿದರೆ ಹ್ಯಾಂಡ್‌ಬ್ರೇಕ್ ಸಡಿಲಿಸಿದರಾಯಿತು. ಗಾಡಿ ತಾನಾಗಿ ಉರುಳುತ್ತದೆ. ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಇದು ಬರಿಯ ಅಭ್ಯಾಸವಲ್ಲ, ಮಳೆಯೂ ರಸ್ತೆಯೂ ಕಲಿಸಿದ ಪಾಠ.

ಈ ಮೂರೂ ತಾಲ್ಲೂಕುಗಳಲ್ಲಿ ಇಂದು ರೈಲು ನಿಲ್ದಾಣವಿಲ್ಲ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದು, ಮೈಸೂರಿನ ಯುವರಾಜರ ಹೆಸರು ಪಡೆದ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಕಿರಿದಾದ ಹಳಿಯ ರೈಲೊಂದು ಬರುತ್ತಿತ್ತು. ಅದು ನಿಂತುಹೋದ ಮೇಲೆ ಅಡಿಕೆ ಮೂಟೆಗೂ ಬಾಣಂತಿಗೂ ಮೋಟಾರು ವಾಹನವೇ ಗತಿಯಾಯಿತು. ಹಳ್ಳಿಯೆಂದರೆ ತೋಟದ ನಡುವೆ ಒಂಟಿ ಮನೆಗಳು. ದೊಡ್ಡ ಆಸ್ಪತ್ರೆಯೆಂದರೆ ಶಿವಮೊಗ್ಗ ಅಥವಾ ಘಟ್ಟದ ಕೆಳಗಿನ ಮಣಿಪಾಲ. ಅಪರಾತ್ರಿಯಲ್ಲಿ ಹೊರಡದ ಕಾರು ಇಲ್ಲಿ ಬರಿಯ ಕಿರಿಕಿರಿಯಲ್ಲ, ಜೀವದ ಪ್ರಶ್ನೆ.

ಎಂಜಿನ್ ತನ್ನಷ್ಟಕ್ಕೆ ತಾನೇ ಹೊರಡಲಾರದು. ಯಾರಾದರೂ ಅದನ್ನು ಮೊದಲ ಕೆಲವು ಸುತ್ತು ತಿರುಗಿಸಿಕೊಡಬೇಕು. ಆರಂಭದ ಕಾರುಗಳಲ್ಲಿ ಈ ಕೆಲಸ ಮೂತಿಗೆ ಸಿಕ್ಕಿಸುವ ಕಬ್ಬಿಣದ ಹ್ಯಾಂಡಲಿನದು. ಎಂಜಿನ್ ಹಿಮ್ಮುಖವಾಗಿ ಒದ್ದರೆ ತಿರುಗಿಸುವವನ ಮಣಿಕಟ್ಟೇ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಈ ಭಯ ತೊಲಗಿತು. ಆದರೂ ಜೀಪಿನ ಸೀಟಿನಡಿಯಲ್ಲಿ ಹ್ಯಾಂಡಲ್ ಬಹುಕಾಲ ಉಳಿಯಿತು. ಬ್ಯಾಟರಿಯನ್ನು ನಂಬಬಹುದು, ಆದರೆ ಮಲೆನಾಡಿನ ಮಳೆಯಲ್ಲಿ ಪೂರ್ತಿ ನಂಬುವಂತಿಲ್ಲ ಎಂಬುದು ಚಾಲಕರ ಅನುಭವ.

ಹೊರಡದ ಕಾರಿನ ಪರೀಕ್ಷೆ ಕಿವಿಯಿಂದ ಆರಂಭವಾಗುತ್ತದೆ. ಕೀಲಿ ತಿರುಗಿಸಿದಾಗ 'ಟಕ್' ಎಂದು ಸುಮ್ಮನಾಯಿತೇ? ಹೆಡ್‌ಲೈಟ್ ಮಂಕಾಗಿದೆಯೇ? ಹಾಗಿದ್ದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಅದರ ಟರ್ಮಿನಲ್ ಮೇಲೆ ಬಿಳಿ-ಹಸಿರು ಕಿಲುಬು ಕಟ್ಟಿದೆ. ಬಿಸಿನೀರು ಹುಯ್ದು, ಉಜ್ಜಿ, ಬಿಗಿ ಮಾಡಿದರೆ ಅರ್ಧ ರೋಗ ವಾಸಿ. ಎಂಜಿನ್ ಹುರುಪಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪ್ರಶ್ನೆ ಎರಡೇ: ಕಿಡಿ ಬರುತ್ತಿದೆಯೇ, ಪೆಟ್ರೋಲ್ ಬರುತ್ತಿದೆಯೇ? ಬಾನೆಟ್ ತೆರೆದಾಗ ಮೂಗಿಗೆ ಪೆಟ್ರೋಲ್ ಘಮ್ಮೆಂದರೆ, ಬಂದದ್ದು ಹೆಚ್ಚಾಗಿ ಪ್ಲಗ್ಗುಗಳು ತೊಯ್ದಿವೆ ಎಂದರ್ಥ. ಆಗ ಮತ್ತೆ ಮತ್ತೆ ಕೀಲಿ ತಿರುಗಿಸುವುದಕ್ಕಿಂತ ಹತ್ತು ನಿಮಿಷ ಸುಮ್ಮನಿರುವುದೇ ಮದ್ದು.

ಮಲೆನಾಡಿನ ವಿಶೇಷ ಕಾಯಿಲೆ ಕಿಡಿಯದು. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತಿತ್ತು. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತಿತ್ತು. ಆಷಾಢದ ಥಂಡಿಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಬೆವರಿನಂತೆ ನೀರಿನ ಪಸೆ ಕಟ್ಟುತ್ತದೆ. ವಿದ್ಯುತ್ತಿಗೆ ಅಷ್ಟೇ ಸಾಕು. ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದ ಕಿಡಿ ಅಡ್ಡದಾರಿ ಹಿಡಿದು ಎಂಜಿನಿನ ಮೈಗೆ ಹರಿದುಹೋಗುತ್ತದೆ. ಕೊಡೆ ಹಿಡಿದು ಒಬ್ಬರು ನಿಂತರೆ, ಇನ್ನೊಬ್ಬರು ಮುಚ್ಚಳ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಶಾಖಕ್ಕೆ ಹಿಡಿದು ತಂದರೆ ಗಾಡಿ ಹೊರಡುತ್ತಿತ್ತು. ಪಾಯಿಂಟಿನ ಎರಡು ತುಟಿಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅಳೆಯುವ ಸಾಧನ ಇಲ್ಲದವರಿಗೆ ಗಟ್ಟಿ ಕಾಗದದ ತುಂಡೇ ಅಳತೆಗೋಲು.

ಡೀಸೆಲ್ ಬಸ್ಸಿಗೆ ಕಿಡಿಯ ಹಂಗಿಲ್ಲ. ಒತ್ತಿದ ಗಾಳಿಯ ಕಾವಿಗೇ ಅದರ ಇಂಧನ ಹೊತ್ತಿಕೊಳ್ಳುತ್ತದೆ. ಅದರ ಶತ್ರು ಕೊಳವೆಯಲ್ಲಿ ಸೇರುವ ಗಾಳಿ. ಒಂದು ಗುಳ್ಳೆ ಸಿಕ್ಕಿಕೊಂಡರೂ ಪಂಪು ಸೋಲುತ್ತದೆ. ನಟ್ಟು ಸಡಿಲಿಸಿ, ಕೈಪಂಪು ಒತ್ತಿ, ನೊರೆ ನಿಂತು ಬರಿಯ ಡೀಸೆಲ್ ಬರುವವರೆಗೆ 'ಏರ್ ತೆಗೆಯುವುದು' ಬಸ್ಸಿನ ಸಿಬ್ಬಂದಿ ಬಲ್ಲ ವಿದ್ಯೆ. ಇಂಥ ಕೈಗಳ ಬಲದ ಮೇಲೇ ಕೊಪ್ಪದಲ್ಲಿ ಒಂದು ಅಪೂರ್ವ ಪ್ರಯೋಗ ನಡೆಯಿತು. ಖಾಸಗಿ ಬಸ್ ಕಂಪನಿಯೊಂದು ನಿಂತಾಗ, ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಕೆಲವೇ ಬಸ್ಸುಗಳಿಂದ ಹೊರಟ ಸಂಸ್ಥೆ ಹತ್ತಾರು ಬಸ್ಸುಗಳಿಗೆ ಬೆಳೆಯಿತು. ದುಡಿಯುವವರೇ ಒಡೆಯರಾದ್ದರಿಂದ ಬೆಳಿಗ್ಗೆ ಬಸ್ಸು ಹೊರಡುವುದು ಅವರ ಅನ್ನದ ಪ್ರಶ್ನೆಯೂ ಆಗಿತ್ತು. ಆದರೆ ಖರ್ಚಿನ ಭಾರ ಹೆಚ್ಚುತ್ತ ಹೋಗಿ 2020ರ ಫೆಬ್ರುವರಿಯಲ್ಲಿ ಬಸ್ಸುಗಳ ಓಡಾಟ ನಿಂತಿತು. ಎಂಜಿನಿನ ಕಾಯಿಲೆಗೆ ಕೈಯಲ್ಲಿ ಮದ್ದಿತ್ತು, ಲೆಕ್ಕಪುಸ್ತಕದ ಕಾಯಿಲೆಗೆ ಇರಲಿಲ್ಲ.

ಅದೇ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂತು. ಎರಡು ದಶಕಗಳ ಬದಲಾವಣೆಯ ಕೊನೆಯ ಮೆಟ್ಟಿಲದು. 2000ದ ಆಸುಪಾಸಿನಿಂದಲೇ ಕಾರ್ಬುರೇಟರ್ ಹೋಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮುಕಿಸುವ ಎಂಜಿನುಗಳು ಬಂದಿದ್ದವು. ಡಿಸ್ಟ್ರಿಬ್ಯೂಟರೂ ಮರೆಯಾಯಿತು. ಮಳೆಗಾಲದ ಬೆಳಗುಗಳು ಎಷ್ಟೋ ಹಗುರವಾದವು. ಹೊಗೆಯೂ ತಗ್ಗಿತು. ಇದು ಸಣ್ಣ ಲಾಭವಲ್ಲ.

ಆದರೆ ಇಂಥ ಕಾರಿನ ಬ್ಯಾಟರಿ ಪೂರ್ತಿ ಸತ್ತರೆ ಇಳಿಜಾರೂ ಕೈಹಿಡಿಯುವುದಿಲ್ಲ. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ವಿದ್ಯುತ್ ಬೇಕು. ಇಲಿ ಒಂದು ತಂತಿ ಕಡಿದರೆ, ಎಲ್ಲಿ ಎಂದು ಹುಡುಕಲು ಕೋಡ್ ಓದುವ ಯಂತ್ರ ಬೇಕಾಗಬಹುದು. ಅದು ಇರುವ ಗ್ಯಾರೇಜಿಗೆ ಕಾರನ್ನು ಎಳೆದೊಯ್ಯಬೇಕು. ಹಿಂದೆ ಕಾರು ಮೇಲಿಂದ ಮೇಲೆ ಕೆಡುತ್ತಿತ್ತು, ಆದರೆ ರಸ್ತೆಯ ಬದಿಯಲ್ಲೇ ವಾಸಿಯಾಗುತ್ತಿತ್ತು. ಈಗ ಕೆಡುವುದು ಅಪರೂಪ, ಆದರೆ ಕೆಟ್ಟಾಗ ಪಕ್ಕದ ಮನೆಯವರು ಕೈಕಟ್ಟಿ ನಿಲ್ಲಬೇಕು.

ಹಾಗೆಂದು ಹಳೆಯ ವಿದ್ಯೆ ಪೂರ್ತಿ ಹಳತಾಗಿಲ್ಲ. ಹೊರಡದ ಕಾರುಗಳಲ್ಲಿ ಬಹುಪಾಲಿನ ದೂರು ಇಂದಿಗೂ ಬ್ಯಾಟರಿಯದೇ. ಒಂದು 'ಟಕ್' ಸದ್ದಿನ ಅರ್ಥ ಬದಲಾಗಿಲ್ಲ. ಕಿಲುಬು ಒರೆಸಲು ಕಂಪ್ಯೂಟರ್ ಬೇಕಿಲ್ಲ. ಮೊದಲು ಕೇಳು, ಆಮೇಲೆ ನೋಡು, ಕೊನೆಗೆ ಬಿಚ್ಚು ಎಂಬ ಕ್ರಮವನ್ನು ಮಕ್ಕಳಿಗೆ ಹೇಳಿಕೊಟ್ಟ ಮನೆಯಲ್ಲಿ, ಜಡಿಮಳೆಯ ರಾತ್ರಿ ಆಸ್ಪತ್ರೆಗೆ ಹೊರಡಬೇಕಾದವರಿಗೆ ಅರ್ಧ ಗಂಟೆಯಾದರೂ ಉಳಿದೀತು.